ದರ್ಜಿಯ ಒಂಬತ್ತನೇ ತಿಂಗಳು

ತುಂಬಿದ ತಿಂಗಳು ಹೆಂಡತಿಗಾದರೂ ಬಸುರಿನ ಭಾರವೆಲ್ಲ ಈ ದರ್ಜಿಯ ತಲೆ ಮೇಲೇ ಇದೆ. ಬಟ್ಟೆ ಹೊಲಿಸಲು ಬಂದ ಹೆಂಗಸರನ್ನು ಅಳತೆಗಿಂತ ಮೊದಲು ಕೇಳುತ್ತಾನೆ, "ಅಕ್ಕಾ, ನಿಮ್ಮದು ನಾರ್ಮಲ್ಲೋ, ಸಿಸೇರಿಯನ್ನೋ?" ಅವರು ಬಾಯಿ ತೆರೆಯುವಷ್ಟರಲ್ಲಿ ತಾನೇ ಶುರು ಹಚ್ಚಿಕೊಳ್ಳುತ್ತಾನೆ: "ನಾರ್ಮಲ್ ಆದ್ರೆ ನೋವು ಮೊದಲು, ಆದ್ರೆ ಬೇಗ ಎದ್ದು ಓಡಾಡಬಹುದು. ಆಪರೇಷನ್ ಆದ್ರೆ ನೋವು ಆಮೇಲೆ, ವಾರಗಟ್ಟಲೆ ಭಾರ ಎತ್ತೋ ಹಾಗಿಲ್ಲ. ಹೊಲಿಗೆ ಎರಡರಲ್ಲೂ ಬೀಳಬಹುದು, ಹಾಕೋರ ಕೈ ಚೆನ್ನಾಗಿರಬೇಕು ಅಷ್ಟೆ!" ಹೊಟ್ಟೆಗೆ ದಿಂಬು ಕಟ್ಟಿಕೊಂಡು, ಹೊಲಿಗೆ ಎಳೆಯದ ಹಾಗೆ ಮಗ್ಗುಲಾಗಿ ಏಳುವುದನ್ನು ತಾನೇ ಅಭ್ಯಾಸ ಮಾಡಿ ಹೆಂಡತಿಗೆ ಕಲಿಸಿದ್ದಾನೆ. ಹೇಗೇ ಹೆತ್ತರೂ ಅವಳು ಬಗ್ಗಬಾರದೆಂದು ತೊಟ್ಟಿಲ ಕಾಲುಗಳಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದ್ದಾನೆ. "ನೀವೇ ಹೆತ್ತುಬಿಡಿ, ಅಂಗಡಿ ನಾನು ನೋಡ್ಕೋತೀನಿ" ಎಂದು ಅವಳು ನಗುತ್ತಾಳೆ. ಆದರೆ ಮಗು ಇನ್ನೂ ತಲೆ ಕೆಳಗೆ ಮಾಡಿಲ್ಲ, ಹೊಟ್ಟೆ ಕೊಯ್ಯಬೇಕಾಗಬಹುದು ಎಂದು ಡಾಕ್ಟರಮ್ಮ ಹೇಳಿದ ದಿನದಿಂದ ಅವನಿಗೊಂದು ಹೊಸ ಅಭ್ಯಾಸ ಅಂಟಿಕೊಂಡಿದೆ. ಕತ್ತರಿ ಹಾಕುವ ಮೊದಲು ಬಟ್ಟೆಯನ್ನು ಅಂಗೈಯಿಂದ ಸವರುತ್ತಾ ಹಾಗೇ ನಿಂತುಬಿಡುತ್ತಾನೆ. ಪಕ್ಕದಲ್ಲಿ ಗುಂಡಿ ಹಾಕುತ್ತಾ ಕುಳಿತವಳು ತಲೆಯೆತ್ತದೆ ಮೆಲ್ಲಗೆ ಅನ್ನುತ್ತಾಳೆ, "ಕತ್ತರಿಸಿ ರೀ, ಏನೂ ಆಗಲ್ಲ. ನಾನಿಲ್ಲೇ ಇದ್ದೀನಲ್ಲ."