ಅಮೃತಪ್ಪ ಕಿತ್ತ ಹಾಳೆ

ಉಪ್ಪಲ್‌ನ ಮೆಟ್ರೋ ಡಿಪೋ ಹಿಂದಿನ ಗಲ್ಲಿಗೆ ಹೋಗಿ, ಬೈಂಡಿಂಗ್ ಅಮೃತಪ್ಪನ ಮನೆ ಯಾವುದು ಅಂತ ಕೇಳಿ ನೋಡಿ. ಮನೆ ತೋರಿಸುವವರು ಜೊತೆಗೊಂದು ಎಚ್ಚರಿಕೆಯನ್ನೂ ಕೊಡುತ್ತಾರೆ: ಕೆಲಸ ಕೊಟ್ಟು ಎದ್ದು ಬಂದುಬಿಡಿ, ಕೂತರೆ ಹೊತ್ತು ಮುಳುಗುತ್ತದೆ. ಯಾಕೆಂದರೆ ಅಮೃತಪ್ಪನ ಕೈ ರಟ್ಟು ಕತ್ತರಿಸುತ್ತಿದ್ದರೆ ಬಾಯಿ ಕಥೆ ಹೇಳುತ್ತಿರುತ್ತದೆ. ದೇವರ ಕಥೆಯಲ್ಲ, ರಾಜರಾಣಿಯರದೂ ಅಲ್ಲ. ಚಂದ್ರನಿಂದ ಜಾರಿಬಿದ್ದ ಪೆಟ್ಟಿಗೆಯದು, ಗೋರಿಯೊಳಗೆ ಟಿಕ್ ಟಿಕ್ ಅನ್ನುವ ಗಡಿಯಾರದ್ದು, ಸತ್ತ ಗಂಡನ ಮಿದುಳನ್ನು ಗಾಜಿನ ಭರಣಿಯಲ್ಲಿಟ್ಟು ದಿನಾ ಮಾತಾಡಿಸುವ ಹೆಂಗಸಿನದು.

ಎಲ್ಲವೂ ಕಾಮಿಕ್ಸಿನಿಂದ ಬಂದದ್ದು. ಮೂವತ್ತೈದು ವರ್ಷದ ಹಿಂದೆ ಭಾಲ್ಕಿ ಕಡೆಯ ಹಳ್ಳಿಯಿಂದ ಹೈದರಾಬಾದಿಗೆ ಬಂದಾಗ ಅವನಿಗೆ ಇಪ್ಪತ್ತರ ಆಸುಪಾಸು. ಆಬಿಡ್ಸ್ ಹಿಂದೆ ಚಂದ್ರಕಾಂತ ಸೇಠ ಎಂಬವರದೊಂದು ಬಾಡಿಗೆ ಲೈಬ್ರರಿ ಇತ್ತು. ಬಿಡಿ ಕಾಮಿಕ್ಸು ಹತ್ತು ಕೈ ದಾಟುವುದರೊಳಗೆ ಚಿಂದಿಯಾಗುತ್ತದೆಂದು, ಎಂಟೆಂಟು ಕೂಡಿಸಿ ಒಂದೇ ರಟ್ಟಿನೊಳಗೆ ಹೊಲಿಯುವುದು ಅಮೃತಪ್ಪನ ಕೆಲಸ. ಎಲ್ಲ ಹಿಂದಿಯವು. ಅವನಿಗೆ ಆಗ ಹಿಂದಿಯ ಒಂದಕ್ಷರ ಬರದು. ಚಿತ್ರ ನೋಡಿ ನೋಡಿ ಕಥೆಯನ್ನು ತಾನೇ ಕಟ್ಟಿಕೊಂಡು, ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ತನ್ನ ಕಡೆಯಿಂದಲೇ ಬಂದಿದ್ದ ಉಳಿದ ಕೆಲಸಗಾರರಿಗೆ ಕನ್ನಡದಲ್ಲಿ ಹೇಳುತ್ತಿದ್ದ. ಅವನ ಅಜ್ಜಿ ಹೇಳುತ್ತಿದ್ದ ಕಥೆಗಳ ಹಾಗೆಯೇ ಇದಕ್ಕೂ ಒಬ್ಬರು ‘ಹೂಂ’ ಅನ್ನುತ್ತಿರಬೇಕು. ಹೂಂ ನಿಂತರೆ ಕಥೆ ನಿಂತಿತು. ಭಾನುವಾರ ಎಲ್ಲರೂ ಕೂಡಿ ವಿಡಿಯೋ ಪಾರ್ಲರಿಗೆ ಓಡುತ್ತಿದ್ದರು. ಕಾಮಿಕ್ಸಿನಲ್ಲಿ ಬೆವರಿಳಿಸಿದ ದೆವ್ವ ಪರದೆಯ ಮೇಲೆ ಬಂದರೆ ಹಾಕಿದ ವೇಷದ ಬೆನ್ನಿನ ಚೈನು ಎದ್ದು ಕಾಣುತ್ತಿತ್ತು. ಆದರೂ ಚಾಪೆಯ ಮೇಲೆ ಒಬ್ಬರನ್ನೊಬ್ಬರು ಅವಚಿಕೊಂಡು ಕೂಗಿದ್ದೇ ಕೂಗಿದ್ದು.

ಇಂಥ ಅಮೃತಪ್ಪನ ಮನೆಗೆ ಒಂದು ಶನಿವಾರ ಮಧ್ಯಾಹ್ನ ಮಗಳು ಕಾವ್ಯಾ ಓಡಿಕೊಂಡೇ ಬಂದಳು. ಆಕೆ ಮಣಿಕೊಂಡದ ಒಂದು ಸ್ಟುಡಿಯೋದಲ್ಲಿ ಚಿತ್ರ ಬರೆಯುವವಳು. ಸಿನಿಮಾ ತೆಗೆಯುವ ಮುಂಚೆ ಒಂದೊಂದು ದೃಶ್ಯವೂ ಹೀಗಿರುತ್ತದೆ ಅಂತ ಕಾಗದದ ಮೇಲೆ ತೋರಿಸುವುದು ಆಕೆಯ ಕೆಲಸ.

“ಅಪ್ಪಾ, ಕಣ್ಣು ಮುಚ್ಚು. ಅದಕ್ಕೂ ಮೊದಲ ಕೈ ತೊಳಕೊಂಡು ಬಾ.”

“ಏನ್ ತಂದಿ? ಪ್ರಸಾದ ಏನು?”

“ನಿನಗ ಪ್ರಸಾದಾನೇ.”

ಬಟ್ಟೆಯ ಚೀಲದಿಂದ ಹೊರಬಂದದ್ದು ಮಾಸಿದ ಕೆಂಪು ರಟ್ಟಿನ ಒಂದು ದಪ್ಪ ಕಟ್ಟು. ಅಮೃತಪ್ಪ ಹಾಳೆ ತೆರೆಯಲಿಲ್ಲ. ಮೊದಲು ಬೆನ್ನು ಸವರಿದ, ಹೊಲಿಗೆ ಎಣಿಸಿದ. ಮೂರು ಬಿಳಿ ದಾರ, ನಾಲ್ಕನೆಯದು ಹಸಿರು. ಊರಲ್ಲಿ ಮತ್ತಾವ ಬೈಂಡರನೂ ನಾಲ್ಕನೆಯ ದಾರ ಹಸಿರು ಹಾಕುತ್ತಿರಲಿಲ್ಲ.

“ಇದು ನನ್ನ ಕೈಕೆಲಸ,” ಅಂದ. “ಕಾವ್ಯಾ, ಇದು ನೀಲೀ ಬಾವ್ಡಿ, ನೀಲಿ ಬಾವಿ ಕಥಿ. ಎಂಟೂ ಭಾಗ. ಆಕಾಶದಾಗಿಂದ ಮಿನಗೋ ಚಿಕ್ಕಿ ಬಂದು ಊರ ಬಾವಿಗಿ ಬೀಳತದ. ಆ ನೀರು ಕುಡದವರು ನಕ್ಕೋತ ನಕ್ಕೋತ ತಮ್ಮ ಹೆಸರೇ ಮರೀತಾರ. ಸಾಲಿ ಮಾಸ್ತರ ಒಬ್ಬ ಕುಡದಿರಂಗಿಲ್ಲ...”

ಕಾವ್ಯಾ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ನಗು ತಡೆಯಲಾಗಲಿಲ್ಲ. “ಅಂದ್ರ ನಮ್ಮ ಡೈರೆಕ್ಟರ್ ವಿಶ್ವಜಿತ್ ಸರ್ ಒಂದು ವಾರದಿಂದ ಬೈಯಾಕತ್ತಿದ್ದ, ಈ ಕಟ್ಟು ಹೊಲದ ಕತ್ತೆ ನೀನೇ ಏನು?”

ವಿಷಯ ಹೀಗಿತ್ತು. ವಿಶ್ವಜಿತ್ ಈ ಕಾಮಿಕ್ಸನ್ನು ಸಿನಿಮಾ ಮಾಡುತ್ತಿದ್ದ. ಬರೆದವರ ಮಗಳು ಒಪ್ಪಿಗೆ ಕೊಟ್ಟಿದ್ದಳು, ಆದರೆ ಆಕೆಯ ಹತ್ತಿರವೂ ಪ್ರತಿ ಇರಲಿಲ್ಲ. ಆಬಿಡ್ಸ್‌ನ ಭಾನುವಾರದ ಫುಟ್‌ಪಾತ್ ಅಂಗಡಿಯಲ್ಲಿ ಈ ಒಂದು ಕಟ್ಟು ಸಿಕ್ಕಿತ್ತು. ಅದರಲ್ಲಿ ಮಾಸ್ತರ ಹಗ್ಗ ಹಿಡಿದು ಬಾವಿಗೆ ಇಳಿಯುತ್ತಾನೆ, ಅಲ್ಲಿಗೆ ಕೊನೆ. ಆಮೇಲಿನ ಹಾಳೆ ಇಲ್ಲ.

“ಸೋಮವಾರ ಮುಂಜಾನೆ ಒಳಗ ನಾ ಕಡೀ ದೃಶ್ಯ ಬರದು ಕೊಡಬೇಕಪ್ಪಾ. ಹಾಳಿ ಸಿಗಲಿಲ್ಲಂದ್ರ ಮಾಸ್ತರ ಮ್ಯಾಲ ಬಂದು ಊರವರ ಜೋಡಿ ಕುಣೀತಾನ ಅಂತ ಪ್ರೊಡ್ಯೂಸರ್ ಹೇಳ್ಯಾರ.”

“ಕುಣೀತಾನ?” ಅಮೃತಪ್ಪನಿಗೆ ಯಾರೋ ಕೆನ್ನೆಗೆ ಬಾರಿಸಿದ ಹಾಗಾಯಿತು. “ನೀಲೀ ಬಾವ್ಡಿ ಮಾಸ್ತರ ಕುಣೀತಾನ?”

ಕನ್ನಡಕ ಏರಿಸಿ ಕಟ್ಟಿನ ಕೊನೆಗೆ ಹೋದ. ಹೊಲಿಗೆಯ ಬುಡದಲ್ಲಿ ಬೆರಳಿನ ಅಗಲದ ಒಂದು ಚೂರು ಉಳಿದಿತ್ತು. ನುಣುಪು ಕಾಗದ, ಕಡು ನೀಲಿ ಬಣ್ಣ. ಆ ನೀಲಿ ನೋಡಿದ್ದೇ ತಡ, ಮೂವತ್ತೈದು ವರ್ಷದ ಹಿಂದಿನ ಒಂದು ಮಧ್ಯಾಹ್ನ ಕಣ್ಣೆದುರು ಬಂದು ನಿಂತಿತು. ಸೇಠ ಕಟ್ಟಪ್ಪಣೆ ಮಾಡಿದ್ದರು: ಜಾಹೀರಾತಿನ ಹಾಳೆ ಎಲ್ಲ ಕಿತ್ತು ತೆಗಿ, ಕಟ್ಟು ದಪ್ಪ ಆದರೆ ಹೊಲಿಗೆ ಕೂಡುವುದಿಲ್ಲ. ಎಂಟನೆಯ ಭಾಗದ ಕೊನೆಗೆ ಹಾಳೆ ತುಂಬ ಒಂದೇ ಚಿತ್ರ. ಹತ್ತಾರು ಮಂದಿ ಹಲ್ಲು ತೋರಿಸಿ ನಗುತ್ತಿದ್ದಾರೆ, ಹಲ್ಲೆಲ್ಲ ಫಳಫಳ. ಹಿಂದಿ ಓದಲು ಬಾರದ ಅಮೃತಪ್ಪ, ಹಲ್ಲುಪುಡಿಯ ಜಾಹೀರಾತು ಅಂದುಕೊಂಡು ಸರ್ರನೆ ಹರಿದಿದ್ದ.

ಹರಿದದ್ದನ್ನು ಒಗೆದಿರಲಿಲ್ಲ. ನುಣುಪು ಹಾಳೆ ಸಿಕ್ಕರೆ ರಟ್ಟಿನ ಒಳಮೈಗೆ ಹಚ್ಚಿ, ಮೇಲೆ ಖಾಲಿ ಕಾಗದ ಅಂಟಿಸುವುದು ಬೈಂಡರುಗಳ ರೂಢಿ, ರಟ್ಟು ಗಟ್ಟಿಯಾಗುತ್ತದೆ. ಆ ವಾರ ಅವನ ಮುಂದೆ ಇದ್ದದ್ದು ಒಂದು ಹಾಡಿನ ವಹಿ. ಮದುವೆ ನಿಶ್ಚಯವಾಗಿದ್ದ ಹುಡುಗಿಯ ಅಣ್ಣ ತಂದುಕೊಟ್ಟದ್ದು. ಹುಡುಗಿಯ ವಹಿಗೆ ಅಂತ ಇದ್ದುದರಲ್ಲೇ ಚೆಂದದ ಹಾಳೆ ಆರಿಸಿದ್ದ.

ಆ ಹುಡುಗಿ ಈಗ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು.

“ಶಿವದೇವಿ,” ಅಮೃತಪ್ಪ ಬಾಗಿಲಿಗೆ ಬಂದು ನಿಂತ. “ನಿನ್ನ ಸೋಬಾನ ವಹಿ ಒಂಚೂರು ಕೊಡು.”

“ಯಾಕ್ರಿ? ನೀವು ಯಾವಾಗಿಂದ ಸೋಬಾನ ಹಾಡಾಕತ್ತೀರಿ?”

“ಒಳಗಿನ ರಟ್ಟು ಬಿಚ್ಚಬೇಕಾಗೇತಿ.”

ರೊಟ್ಟಿ ಬಡಿಯುವ ಸದ್ದು ನಿಂತಿತು. ಬೀದರ್, ಕಲಬುರಗಿ ಕಡೆಯಿಂದ ಬಂದು ಈ ಊರಲ್ಲಿ ನೆಲೆಸಿದವರ ಮನೆಯಲ್ಲಿ ಮದುವೆ ಅಂದರೆ ಶಿವದೇವಿ ಬರಬೇಕು, ವಹಿ ತೆರೆಯಬೇಕು, ಆಮೇಲೆಯೇ ಅರಿಶಿಣ. ಮರುದಿನ ಹತ್ತಕ್ಕೆ ಶಂಶಾಬಾದ್‌ನಲ್ಲಿ, ಅಂಥವರಲ್ಲೊಬ್ಬನಾದ ಅಂಬಾದಾಸನ ಮಗಳ ಅರಿಶಿಣವಿತ್ತು.

“ನಾಳಿ ಹಾಡೋದೈತಿ, ಇವತ್ತ ವಹಿಗಿ ಚಾಕು ಹಚ್ಚತೀರಿ? ಮದುವಿಗಿಂತ ಮೊದಲ ನೀವು ನನಗ ಮಾಡಿಕೊಟ್ಟ ಸಾಮಾನಂದ್ರ ಇದೊಂದೇ ನೋಡ್ರಿ.”

“ಅದರಾಗ ಒಂದು ಹಾಳಿ ಐತಿ.”

“ಎಂಥಾ ಹಾಳಿ?”

“ಹಲ್ಲುಪುಡೀದು.”

“ಹಲ್ಲುಪುಡಿ ಸಲುವಾಗಿ ನನ್ನ ವಹಿ ಹರೀತೀರಾ?”

“ಅವ್ವಾ, ಹಲ್ಲುಪುಡಿ ಅಲ್ಲ, ಭೂತದ್ದು,” ಅಂದಳು ಕಾವ್ಯಾ, ನೆರವಾಗಲು ಹೋಗಿ.

ಶಿವದೇವಿ ಹಿಟ್ಟಿನ ಕೈಯನ್ನೇ ಸೊಂಟಕ್ಕೆ ಇಟ್ಟುಕೊಂಡಳು. “ಅಂದ್ರ ಮೂವತ್ತೈದು ವರ್ಷ ಮದುಮಕ್ಕಳ ಮುಂದ ನಾ ಭೂತ ತೊಡೀ ಮ್ಯಾಲ ಇಟಗೊಂಡು ಹಾಡೀನಿ?” ಗಂಡನ ಕಡೆ ನೋಡಿದಳು. ಅವನು ಹಬ್ಬದ ಹಿಂದಿನ ದಿನದ ಹುಡುಗನ ಹಾಗೆ ಒಂದೇ ಕಡೆ ನಿಲ್ಲಲಾರದೆ ಕಾಲು ಬದಲಿಸುತ್ತಿದ್ದ. “ಒಂದು ಅಕ್ಷರ ಕೆಡಬಾರದು. ನಾಳಿ ಎಂಟಕ್ಕ ನನ್ನ ಕೈಯಾಗ ಇರಬೇಕು. ಮತ್ತ, ಬಿಚ್ಚೂಮುಂದ ಆ ಕಥಿ ಮೊದಲಿಂದ ಹೇಳ್ರಿ. ಯಾವ ಭೂತ ಅಂತ ನನಗೂ ಗೊತ್ತಾಗಲಿ.”

ಒಲೆಯ ಮೇಲೆ ನೀರು ಕಾಯಿತು. ವಹಿಯ ಹಿಂದಿನ ರಟ್ಟನ್ನು ಹುಷಾರಾಗಿ ಬಿಡಿಸಿ, ಹಬೆಯ ಮೇಲೆ ಹಿಡಿದು, ಅಮೃತಪ್ಪ ಶುರು ಮಾಡಿದ. ಒಂದೂರು. ಊರಿಗೊಂದೇ ಬಾವಿ. ಹೂಂ, ಅಂದಳು ಶಿವದೇವಿ. ಒಂದಿನ ಆಕಾಶ ಬಿರಿದು ಚಿಕ್ಕಿ ಬಿತ್ತು, ನೀರು ನೀಲಿ ಆತು. ಹೂಂ. ಮೊದಲ ಗೌಡ ಕುಡದ, ಗೌಡ ನಗಾಕತ್ತಿದ. ಹೂಂ. ಗೌಡನ ಹೆಂಡತಿ ಕುಡದಳು. ಕೊರಳಾಗಿನ ತಾಳಿ ಹಿಡಕೊಂಡು, ಇದು ಯಾರದು ಅಂತ ಗಂಡನ್ನೇ ಕೇಳಿದಳು. ಶಿವದೇವಿ ಹೂಂ ಅನ್ನುವುದನ್ನೇ ಮರೆತಳು. ಅಮೃತಪ್ಪ ಸುಮ್ಮನೆ ನಿಂತ. ಕಾವ್ಯಾ ಅವ್ವನನ್ನು ತಿವಿದಳು. ಹೂಂ, ಹೂಂ, ಮುಂದ ಹೇಳ್ರಿ.

ಹಬೆಗೆ ಹಳೆಯ ಮೈದಾ ಅಂಟು ಮೆತ್ತಗಾಗುತ್ತ ಬಂತು. ಹುಳ ಬೀಳದಿರಲೆಂದು ಆಗ ಅಂಟಿಗೆ ಮೈಲುತುತ್ತ ಕಲಸಿದ್ದ. ಅದರ ನೀಲಿ ಬೆರಳಿಗೆ ಹತ್ತಿತು. ಮೇಲಿನ ಖಾಲಿ ಕಾಗದ ಎದ್ದಿತು. ಅದರ ಕೆಳಗಿನ ಹಾಳೆಯ ಮೂಲೆಯನ್ನು ಉಗುರಿನಲ್ಲಿ ಎತ್ತಿ, ಒಂದೊಂದೇ ಅಂಗುಲ ಬಿಡಿಸುತ್ತಾ ಅಮೃತಪ್ಪ ಹೇಳಿದ: “ಊರಾಗ ನೀರು ಕುಡೀದಾಂವ ಮಾಸ್ತರ ಒಬ್ಬನೇ. ಹಗ್ಗ ಕಟಗೊಂಡು ಬಾವಿಗಿ ಇಳದ. ಚಿಕ್ಕಿ ಹೊರಗ ತೆಗದು ಊರು ಉಳಸಬೇಕಂತ.”

“ಹೂಂ. ಉಳಿಸಿದನೇನು?”

“ಉಳಿಸಿದ. ಚಿಕ್ಕಿ ಎದಿಗಿ ಅವಚಿಕೊಂಡು ಮ್ಯಾಲ ಬಂದ. ನಾ ಯಾವಾಗಲೂ ಹಂಗೇ ಹೇಳತಿದ್ದೆ.”

ಅಷ್ಟರಲ್ಲಿ ಹಾಳೆ ಪೂರ್ತಿ ಬಿಟ್ಟು ಬಂತು. ಮೂವರೂ ಬಗ್ಗಿದರು.

ಬಾವಿಯ ಕಟ್ಟೆ. ಸುತ್ತ ಇಡೀ ಊರು, ಎಲ್ಲರ ಕೈಯಲ್ಲಿ ಕೊಡ, ಎಲ್ಲರ ಬಾಯಲ್ಲಿ ಹಲ್ಲು. ನಡುವೆ ಒದ್ದೆ ಅಂಗಿಯ ಮಾಸ್ತರ. ಅವನೂ ನಗುತ್ತಿದ್ದಾನೆ. ಕೈ ನೀಡಿ ಒಂದು ಲೋಟ ಹಿಡಿದಿದ್ದಾನೆ, ಓದುತ್ತಿರುವವರ ಕಡೆಗೇ. ಕೆಳಗೆ ಎರಡು ಪದ. ಅಮೃತಪ್ಪನಿಗೆ ಈಗ ಹಿಂದಿ ಬರುತ್ತಿತ್ತು.

“ಪ್ಯಾಸ್ ಲಗೀ?” ಅಂತ ಓದಿದ. ನೀರಡಿಕೆ ಆಗೈತೇನು?

ಶಿವದೇವಿ ಸೆರಗು ಬಿಗಿ ಮಾಡಿಕೊಂಡಳು. ಕಾವ್ಯಾ ಹಾಳೆಯಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಅಮೃತಪ್ಪನಿಗೆ ಮಾತ್ರ ಕುಣಿಯುವಷ್ಟು ಹಿಗ್ಗು. “ನೋಡ್ರೆವಾ, ನಾ ಎಂಥಾ ಮಬ್ಬ. ಕಥಿ ಬರದಾಂವ ಹಿಂಗ ಬರದಾನ, ನಾ ಊರು ಉಳಿಸಿಬಿಟ್ಟಿದ್ದೆ.”

ಕಾವ್ಯಾ ಫೋಟೋ ಕಳಿಸಿದ ಮರುಗಳಿಗೆಗೆ ವಿಶ್ವಜಿತ್‌ನ ಫೋನು. ಎಲ್ಲಿ ಸಿಕ್ಕಿತು, ಯಾರ ಹತ್ತಿರ ಇತ್ತು, ಒಂದೇ ಉಸಿರು. ಅಮೃತಪ್ಪ ಫೋನು ಇಸಿದುಕೊಂಡು ಹೈದರಾಬಾದಿ ಮಾತಿನಲ್ಲೇ, “ಸರ್, ವೋ ಗಧಾ ಮೈಚ್ ಹೂಂ,” ಅಂದ. ಆ ಕತ್ತೆ ನಾನೇ ರೀ. ಆ ಕಡೆಯಿಂದ ದೊಡ್ಡ ನಗು, ಅದರ ಹಿಂದೆ ಒಂದು ಕೋರಿಕೆ: ಸೋಮವಾರ ಸ್ಟುಡಿಯೋಕ್ಕೆ ಬಂದು ಇಡೀ ಕಥೆಯನ್ನು ಎಲ್ಲರಿಗೂ ನಿಮ್ಮ ಬಾಯಿಂದ ಹೇಳುತ್ತೀರಾ?

“ಹೇಳತೀನಿ. ಆದರ ಹೂಂ ಅನ್ನೋರು ಬೇಕು,” ಅಂದ ಅಮೃತಪ್ಪ.

ಮೂಲ ಹಾಳೆಯೂ ಬೇಕೆಂದು ವಿಶ್ವಜಿತ್ ಕೇಳಿದಾಗ ಶಿವದೇವಿಯೇ ಅಡ್ಡ ಬಂದಳು. “ಅವರಿಗಿ ನಕಲು ಕೊಡ್ರಿ. ಇದನ್ನ ಇದ್ದಲ್ಲೇ ಹಚ್ಚಿಬಿಡ್ರಿ. ಇದನ್ನ ತೊಡೀ ಮ್ಯಾಲ ಇಟಗೊಂಡು ನಾ ಹಾಡಿದ ಒಂದು ಮದುವೀನೂ ಕೆಟ್ಟಿಲ್ಲ.”

ಸಂಜೆಯೊಳಗೆ ಹೊಸ ಅಂಟು, ಹೊಸ ಕಾಗದ, ಮೇಲೆ ಎರಡು ಇಟ್ಟಿಗೆಯ ಭಾರ. ಬಿಚ್ಚಿದ ಹೊಲಿಗೆಗೆ ಮತ್ತೆ ಮೂರು ಬಿಳಿ, ಒಂದು ಹಸಿರು.

ಮರುದಿನ ಶಂಶಾಬಾದ್‌ನಲ್ಲಿ ಶಿವದೇವಿ ವಹಿ ತೆರೆದು ಹಾಡಲು ಕೂತಳು. ಮೂರು ಹಾಡು ಮುಗಿಯುವ ಹೊತ್ತಿಗೆ ಗಂಟಲು ಒಣಗಿತು. ಅಂಬಾದಾಸನ ಹೆಂಡತಿ ಗಂಗಾ ಲೋಟ ಹಿಡಿದು ಎದುರಿಗೆ ಬಂದಳು, ಬಾಯಿ ತುಂಬ ನಗು. “ಅಕ್ಕಾ, ನೀರಡಿಕಿ ಆಗೇತೇನು?”

ಶಿವದೇವಿ ಲೋಟದೊಳಗೆ ಬಗ್ಗಿ ನೋಡಿದಳು, ಆಮೇಲೆ ಗಂಡಸರ ಸಾಲಿನಲ್ಲಿ ಕೂತಿದ್ದ ಅಮೃತಪ್ಪನನ್ನು. ಅವನು ಅಲ್ಲಿಂದಲೇ, ಕೇಳಿಸುವಷ್ಟು ಗಟ್ಟಿಯಾಗಿ, “ಹೂಂ,” ಅಂದ.