ಹವಾಯಿ ಚಪ್ಪಲಿಯ ಬಸ್ಸು

ಗೋವಾದ ಕಲಂಗುಟ್ ದಂಡೆಯ ಮೇಲೆ ರೋಷನಬಿಯ ಕೈಚೀಲ ಗೊತ್ತಿಲ್ಲದವರು ಕಡಿಮೆ. ಚೀಲದೊಳಗೆ ಕಟ್ಟಿಗೆಯ ಅಚ್ಚುಗಳು: ನವಿಲು, ಬಳ್ಳಿ, ಮಾವಿನಕಾಯಿ, ಚೇಳು. ಅಚ್ಚಿಗೆ ಮೆಹಂದಿ ಸವರಿ ಪ್ರವಾಸಿಗರ ತೋಳಿಗೆ ಒತ್ತುವುದು ಅವಳ ಕಸುಬು. ನವಿಲು ಹೆಂಗಸರಿಗೆ, ಚೇಳು ಬಿಯರ್ ಏರಿದ ಗಂಡಸರಿಗೆ. ಊರು ನವಲಗುಂದದ ಕಡೆ. ಗಾರೆ ಕೆಲಸಕ್ಕೆ ಬಂದ ಗಂಡ ಇಲ್ಲಿನ ಹೋಟೆಲುಗಳ ಗೋಡೆಗೆ ಸಿಮೆಂಟು ಬಡಿದು ಬಡಿದು ಎದೆ ಹಾಳಾಗಿ ಸತ್ತ. ಈಗ ಅದೇ ಹೋಟೆಲುಗಳ ಕಾವಲುಗಾರರು ಅವಳನ್ನು ಗೇಟಿನ ನೆರಳಿಗೂ ನಿಲ್ಲಗೊಡುವುದಿಲ್ಲ. ಅದಕ್ಕೆ ಅವಳಿಗೆ ಸಿಟ್ಟಿದೆ, ಅಳುವಿಲ್ಲ. ಮಳೆಗಾಲದಲ್ಲಿ ದಂಡೆ ಖಾಲಿಯಾದಾಗ ಮದುವೆ ಮನೆಗಳಿಗೆ ಹೋಗಿ ಮದುಮಕ್ಕಳ ಕೈಗೆ ಮೆಹಂದಿ ಹಾಕುತ್ತಾಳೆ. ಹೊಟ್ಟೆ ನಡೆಯುತ್ತದೆ.

ಹೋದ ಮಳೆಗಾಲದಲ್ಲಿ ಸೊಸೆ ಸಿಮ್ರನಳಿಗೆ ಹೆರಿಗೆಯಾಯಿತು. ಕೂಸು ಬಂತು, ರಕ್ತ ನಿಲ್ಲಲಿಲ್ಲ. ರಕ್ತದ ಬಾಟಲಿ ಬೇಕು, ಕೊಡುವ ಮಂದಿಯನ್ನು ಕರೆದುಕೊಂಡು ಬನ್ನಿ ಎಂದರು ಡಾಕ್ಟರು. ಮಗ ಆರಿಫ ಆ ಹೊತ್ತಿಗೆ ವೆರ್ಣಾದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿದವರನ್ನು ಕಂಪನಿ ಬಸ್ಸಿನಲ್ಲಿ ಪಣಜಿಗೆ ತರುತ್ತಿದ್ದ. ರೋಷನಬಿ ಫೋನು ಮಾಡಿ, "ರಗತ ಬೇಕಂತ, ಲಗೂನ ಬಾ" ಅಂದಳು. ದವಾಖಾನೆ ಹೆದ್ದಾರಿಯ ಮಗ್ಗುಲಿಗೇ ಇತ್ತು. ಮಗ ಒಬ್ಬನೇ ಓಡಿ ಬರುತ್ತಾನೆಂದುಕೊಂಡಿದ್ದಳು; ಇಡೀ ಬಸ್ಸೇ ಗೇಟಿನೊಳಗೆ ಬಂತು. ದಿನವಿಡೀ ನಿಂತು ಡಬ್ಬಿ ಕಟ್ಟಿದ ಮಂದಿ ಇಳಿದು ಸಾಲು ಹಚ್ಚಿದರು. ಯಾರ ರಕ್ತ ಯಾರಿಗೆ ಹೋಗುತ್ತದೆಂದು ಒಬ್ಬರೂ ಕೇಳಲಿಲ್ಲ.

ಸಿಮ್ರನ ಬದುಕಿದಳು. ರಕ್ತ ಕೊಟ್ಟವರು ತೋಳಿಗೆ ಹತ್ತಿ ಒತ್ತಿ ಹಿಡಿದುಕೊಂಡು ಬಸ್ಸು ಹತ್ತಿ ಹೋದದ್ದನ್ನು ರೋಷನಬಿ ವರಾಂಡದ ಕಿಟಕಿಯಿಂದ ನೋಡಿದಳು, ಅಷ್ಟೇ. ಅವರಿಗೆ ಏನಾದರೂ ಮಾಡಬೇಕು, ಏನಾದರೂ ಮಾಡಬೇಕು ಎನ್ನುತ್ತಲೇ ವರ್ಷ ಉರುಳಿತು. ಕೂಸು ಅಂಬೆಗಾಲಿಟ್ಟು ಅಚ್ಚಿನ ಚೀಲ ಎಳೆದಾಡುವಷ್ಟು ದೊಡ್ಡದಾಯಿತು.

ಈ ಮಳೆಗಾಲದಲ್ಲಿ ಒಂದು ದಿನ ಆರಿಫ ಸುದ್ದಿ ತಂದ. "ಅಮ್ಮಾ, ಆ ಪಾಳಿ ಬಂದ್ ಮಾಡಾಕತ್ತಾರ. ಶನಿವಾರದ್ದೇ ಕಡೀ ಬಸ್ಸು. ಆಮ್ಯಾಲ ಯಾರು ಎಲ್ಲಿ ಹೊಕ್ಕಾರೋ."

ರೋಷನಬಿ ಉಳ್ಳಾಗಡ್ಡಿ ಹೆಚ್ಚುವುದನ್ನು ನಿಲ್ಲಿಸಿದಳು. "ರಗತ ಕೊಟ್ಟವರು ಯಾರ್ಯಾರು, ಹೆಸರ ಹೇಳು."

ಅವನು ಹೇಳಿದ. ಶಂಕರಲಿಂಗ, ಜಯಶ್ರೀ, ಮತ್ತೆ ನಾಲ್ಕಾರು ಮಂದಿ.

"ಏನರ ಕೊಡೂದಿದ್ರ ಪೇಡೆ ಹಂಚಿದ್ರ ಆತಲ್ಲ?" ಅಂದ.

"ದವಾಖಾನ್ಯಾಗ ಅವ್ರಿಗೆ ಬಿಸ್ಕಿಟ್ ಕೊಟ್ಟಾರ. ನಾನೂ ಪೇಡೆ ಕೊಟ್ರ ಏನ್ ಫರಕ ಆತು? ತಿಂದು ಬಾಯಿ ಒರಸ್ಕೊಂಡು ಹೊಕ್ಕಾರ. ನನ್ನ ಕೈಲೆ ಮಾಡಿದ್ದು ಏನರ ಕೊಡಬೇಕು. ಕಾರ್ಡ್ ಮಾಡ್ತೀನಿ."

"ನೀ ಮೆಹಂದಿಯಾಕಿ. ಕಾರ್ಡ್ ಯಾವಾಗ ಕಲ್ತಿ?"

"ಅಚ್ಚು ಒತ್ತೂದು ತಾನ? ಇಷ್ಟು ವರ್ಷ ಏನ್ ದನ ಕಾದೇನಿ?"

ಮಾಪುಸಾದಲ್ಲಿ ಬಾಬುಸಾಬ ಅಂತ ವಿಜಯಪುರದ ಕಡೆಯವನೊಬ್ಬ ಮದುವೆ ಪತ್ರಿಕೆ ಛಾಪಿಸುತ್ತಾನೆ. ಅವನು ಪತ್ರಿಕೆ ಛಾಪಿಸಿದ ಮನೆಗಳಲ್ಲಿ ಇವಳು ಮೆಹಂದಿ ಹಾಕುವುದುಂಟು, ಹಾಗಾಗಿ ಸಲಿಗೆ. ಕತ್ತರಿಸಿ ಉಳಿದ ದಪ್ಪ ಕಾಗದದ ಕಟ್ಟನ್ನು ಅವನು ಸುಮ್ಮನೇ ಕೊಟ್ಟ. ಜೊತೆಗೊಂದು ಚುಚ್ಚುಮಾತನ್ನೂ ಕೊಟ್ಟ: "ಈಗ ಯಾರು ಕಾರ್ಡ್ ತಗೋತಾರ, ಆಪಾ? ಮೊಬೈಲಿನ್ಯಾಗ ಒಂದು ಗುಲಾಬಿ ಹೂವ ಕಳಸಿದ್ರ ಮುಗೀತು."

"ಗುಲಾಬಿ ಹೂವ ಕಳಸಿ ರಗತ ಇಸ್ಕೊಂಡಿದ್ವೇನ್ರಿ?"

ಬಾಬುಸಾಬ ಒಂದು ಡಬ್ಬಿಯ ತಳದಲ್ಲಿ ಉಳಿದಿದ್ದ ಕೆಂಪು ಶಾಯಿಯನ್ನೂ ಚೀಲಕ್ಕೆ ಹಾಕಿದ.

ಶಾಯಿಯನ್ನು ಅವಳು ಮೊದಲು ಮುಟ್ಟಲೇ ಇಲ್ಲ. ಕಸುಬಿನವಳ ಸೊಕ್ಕು ಅದು. ಮದುಮಗಳ ಕೈಗೆ ಕಲಸುವ ಹಾಗೆಯೇ ಮೆಹಂದಿ ಕಲಸಿದಳು: ನಿಂಬೆರಸ, ಸಕ್ಕರೆ, ಬಣ್ಣ ಏರಲೆಂದು ನೀಲಗಿರಿ ಎಣ್ಣೆ ಒಂದಿಷ್ಟು ಧಾರಾಳವಾಗಿಯೇ. ಕಾಗದಗಳ ಮೇಲೆ ಸಾಲಾಗಿ ನವಿಲಿನ ಅಚ್ಚು ಒತ್ತಿದಳು, ಕೋನಿನಿಂದ ಬಳ್ಳಿ ಎಳೆದಳು, ಒಣಗಲು ಬಿಟ್ಟಳು. ಮರುದಿನ, ಕೈಯ ಮೇಲಿಂದ ಕೆರೆಯುವ ಹಾಗೆ ಚಾಕುವಿನ ಬೆನ್ನಿನಿಂದ ಕೆರೆದಳು. ಮೆಹಂದಿಯ ಜೊತೆಗೆ ಕಾಗದದ ಸಿಪ್ಪೆಯೂ ಎದ್ದು ಬಂತು. ಉಳಿದದ್ದು ಸಗಣಿ ಮೆತ್ತಿದಂಥ ನವಿಲು. ಅದರ ಸುತ್ತ ಎಣ್ಣೆ ಹರಡಿ, ಬಜ್ಜಿ ಕಟ್ಟಿದ ಪೇಪರಿನ ಹಾಗೆ ಆಚೆಕಡೆ ಕಾಣುವಷ್ಟು ಕಾಗದ ತೆಳ್ಳಗಾಗಿತ್ತು. ಕಟ್ಟಿನ ಅರ್ಧಕ್ಕಿಂತ ಹೆಚ್ಚು ಹಾಳು.

ಸಿಮ್ರನ ಕೂಸನ್ನು ಕಾಲ ಮೇಲೆ ಹಾಕಿಕೊಂಡು ನೋಡುತ್ತಿದ್ದಳು. "ಅಮ್ಮಾ, ಮೈಗೆ ಕಾವು ಇರ್ತೈತಿ, ಮೆಹಂದಿ ಹೀರ್ಕೋತೈತಿ. ಕಾಗದಕ್ಕ ಎಲ್ಲೀ ಕಾವು?"

"ನಿನ್ನೇನ ಹೇಳಬೇಕಿತ್ತಿಲ್ಲೋ?"

"ನಿನ್ನೆ ಹೇಳಿದ್ರ ಕೇಳ್ತಿದ್ರೇನ್ರಿ?"

ಕೇಳುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಶುಕ್ರವಾರ ಬೆಳಗಾಗಿತ್ತು, ಹೊರಗೆ ಮಳೆ ಹೊಡೆಯುತ್ತಿತ್ತು, ಬಾಬುಸಾಬನ ಅಂಗಡಿಗೆ ಶುಕ್ರವಾರ ರಜೆ. ಉಳಿದ ಕಾಗದ ರಕ್ತ ಕೊಟ್ಟವರಿಗೆ ಲೆಕ್ಕಕ್ಕೆ ಲೆಕ್ಕ. ಇನ್ನೊಂದು ಕೆಟ್ಟರೆ ಒಬ್ಬರಿಗೆ ಇಲ್ಲ.

ರೋಷನಬಿ ನವಿಲನ್ನು ಚೀಲಕ್ಕೆ ಎಸೆದಳು. ನವಿಲಿಗೂ ಆ ದಿನಕ್ಕೂ ಏನು ಸಂಬಂಧ? ಕಣ್ಣ ಮುಂದೆ ಬಂದದ್ದು ಗೇಟಿನೊಳಗೆ ಹೊಕ್ಕ ಬಸ್ಸು. ಆರಿಫನ ಸವೆದ ಹವಾಯಿ ಚಪ್ಪಲಿಯ ಹಿಮ್ಮಡಿ ತುಂಡು ಮಾಡಿ, ಪೆನ್ನಿನಿಂದ ಬಸ್ಸು ಬರೆದು, ಬ್ಲೇಡಿನಿಂದ ಸುತ್ತ ಕೆತ್ತಿದಳು. ಕಿಟಕಿಗಳು ಸೊಟ್ಟಗಾದವು. ಕೆಂಪು ಶಾಯಿಗೆ ಸ್ಪಂಜು ಅದ್ದಿ ಸೋಪಿನ ಡಬ್ಬಿಯಲ್ಲಿ ಇಟ್ಟಳು. ಮೊದಲು ಹಾಳಾದ ಕಾರ್ಡೊಂದರ ಮೇಲೆ ಒತ್ತಿ ನೋಡಿದಾಗ ಅರ್ಧ ಬಸ್ಸಷ್ಟೇ ಮೂಡಿತು. ತೋಳು ಮೆತ್ತಗೆ ತಗ್ಗಿ ಅಚ್ಚನ್ನು ಪೂರಾ ತಗೊಳ್ಳುತ್ತದೆ. ನೆಲದ ಫರ್ಶಿ ಕಲ್ಲು ತಗ್ಗುವುದಿಲ್ಲ. ಇದು ಹೊಳೆದ ಮೇಲೆ ತವರಿನ ಕೌದಿಯನ್ನು ಮಡಚಿ ಕಾಗದದ ಅಡಿಗೆ ಹಾಕಿದಳು. ಅದೇ ಹಾಳಾದ ಕಾರ್ಡಿನ ಇನ್ನೊಂದು ಮೂಲೆಗೆ ಒತ್ತಿದಳು. ಬಸ್ಸು ಪೂರಾ ಬಂತು, ಸೊಟ್ಟ ಕಿಟಕಿ ಸಮೇತ.

ಗಾಲಿಗೆ ಬೆಂಡೆಕಾಯಿ ಅಡ್ಡ ಕೊಯ್ದು ಒತ್ತಿದರು. ಕಡ್ಡಿಪೆಟ್ಟಿಗೆಗೆ ದಾರ ಸುತ್ತಿ, ಬೂದಿ ಕಲಸಿದ ನೀರಿಗೆ ಅದ್ದಿ ಒತ್ತಿದರೆ ಓರೆ ಮಳೆ. ಅದನ್ನು ಹುಡುಕಿದವಳು ಸಿಮ್ರನ. ಒಳಗೆ ಬರೆಯುವುದೂ ಅವಳ ಪಾಲಿಗೆ ಬಂತು. ಅದೇ ಹಾಳಾದ ಕಾರ್ಡಿನಲ್ಲಿ ಪೆನ್ನು ಓಡುತ್ತದೋ ಎಂದು ಒಂದು ಮಾತು ಬರೆದು ನೋಡಿ, ಆಮೇಲೆ ಎಲ್ಲದರಲ್ಲೂ ಅದೇ ಮಾತು ಬರೆದಳು: ನೀವು ಅವತ್ತು ಬಸ್ಸಿನಿಂದ ಇಳಿದಿರಿ. ನಾನು ಬದುಕಿದ್ದೇನೆ.

ಶನಿವಾರ ಸಂಜೆ ಅತ್ತೆ ಸೊಸೆ ಕೂಸಿನೊಂದಿಗೆ ಪಣಜಿಯಲ್ಲಿ ಬಸ್ಸು ಖಾಲಿಯಾಗುವ ಜಾಗದಲ್ಲಿ ನಿಂತರು. ಕಾರ್ಡುಗಳು ಮಳೆಗೆ ನೆನೆಯಬಾರದು, ಬಾಗಬಾರದೆಂದು ಆ ಹಾಳಾದ ಕಾರ್ಡನ್ನೇ ಬೆನ್ನಿಗೆ ಕೊಟ್ಟು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ್ದರು. ಬಸ್ಸು ಬಂತು. ಆರಿಫ ಒಬ್ಬೊಬ್ಬರನ್ನೇ ತೋರಿಸಿದ, ರೋಷನಬಿ ಎರಡೂ ಕೈಯಿಂದ ಕೊಟ್ಟಳು. "ನಿಮ್ಮ ಉಪಕಾರ ಭಾಳ ಐತ್ರಿ" ಅಂದಳು, ಪ್ರತಿಯೊಬ್ಬರಿಗೂ ಅದೇ.

ಹಮಾಲಿ ಮಾಡಿ ಹೆಗಲು ಬಿದ್ದ ಶಂಕರಲಿಂಗ ಕಾರ್ಡನ್ನು ದೂರ ಹಿಡಿದು ನೋಡಿದ. "ನಮ್ಮ ಬಸ್ಸ ಅಲ್ಲೇನಿದು? ಖರೇನ ಇಷ್ಟ ಸೊಟ್ಟ ಐತಿ."

ಜಯಶ್ರೀ ಕೂಸಿನ ಗಲ್ಲ ಹಿಂಡಿದಳು. ಅವಳ ಹಿಂದೆ ವಯಸ್ಸಾದ ಹೆಂಗಸೊಬ್ಬಳು ಇಳಿದು, ಚೀಲ ಬಗಲಿಗೆ ಹಾಕಿಕೊಂಡು ಪಕ್ಕಕ್ಕೆ ಸರಿದು ನಡೆದಳು.

"ಚಂದವ್ವಕ್ಕಾ, ಎಲ್ಲಿ ಹೊಂಟಿ? ನಿಂದು ತಗೊ" ಅಂದಳು ಜಯಶ್ರೀ.

"ನಂದೆಲ್ಲೀದು? ನಾ ರಗತ ಕೊಟ್ಟಿಲ್ಲ." ಚಂದವ್ವ ನಿಂತಳು. "ಬೆರಳಿಗೆ ಸೂಜಿ ಚುಚ್ಚಿ ನೋಡಿದ್ರು. ನಿನ್ನ ಮೈಯಾಗ ನಿನಗ ಸಾಲೂವಷ್ಟು ಇಲ್ಲ, ಎದ್ದು ಹೋಗವಾ ಅಂದ್ರು."

ವರ್ಷಗಟ್ಟಲೆ ಕಾರ್ಖಾನೆಯಲ್ಲಿ ದುಡಿದ ಮೈ ಅದು. ರಕ್ತ ಎಲ್ಲಿ ಹೋಗಿತ್ತೆಂದು ಅಲ್ಲಿದ್ದವರು ಯಾರೂ ಕೇಳಬೇಕಾಗಿರಲಿಲ್ಲ.

"ಆದ್ರ ಬಸ್ ತಿರುಗಿಸಿದಾಕಿನ ನೀನು" ಅಂದ ಶಂಕರಲಿಂಗ. ರೋಷನಬಿಯ ಕಡೆ ತಿರುಗಿದ. "ನಿಮ್ಮ ಫೋನ್ ಬಂದ ಮ್ಯಾಲ ಡ್ರೈವರ್ ಸಾಹೇಬ್ರು ನಮ್ಮನ್ನ ಪಣಜಿಗೆ ಬಿಟ್ಟು ಆಮ್ಯಾಲ ವಾಪಸ್ ದವಾಖಾನಿಗೆ ಹೋಗೂರಿದ್ರು. ಕಂಪನಿ ಅಂಜಿಕಿ. ಈಕಿ ಎದ್ದು ಬಂದು ಬಡ್ಕೊಂಡ್ಲು, ಒಳಗ ಹೊಡಿ ಬಸ್ಸು, ನಾವೆಲ್ಲಾ ಇಳೀತೀವಿ ಅಂತ."

ರೋಷನಬಿ ಮಗನ ಮುಖ ನೋಡಿದಳು. "ವರ್ಷಾತು. ಒಂದು ಮಾತ ಹೇಳಿಲ್ಲಲ್ಲೋ."

"ನೀ ಕೇಳಿದ್ದು ರಗತ ಕೊಟ್ಟವರ ಹೆಸರು" ಅಂದ ಆರಿಫ, ಸ್ಟೇರಿಂಗ್ ನೋಡುತ್ತ.

ಕೈಯಲ್ಲಿ ಕಾರ್ಡು ಉಳಿದಿರಲಿಲ್ಲ. ಬಾಬುಸಾಬನ ಅಂಗಡಿ ದೂರ, ನಾಳೆ ಈಕೆ ಎಲ್ಲಿರುತ್ತಾಳೋ. ರೋಷನಬಿ ಪ್ಲಾಸ್ಟಿಕ್ ಚೀಲದಿಂದ ಆ ಹಾಳಾದ ಕಾರ್ಡನ್ನು ತೆಗೆದಳು. ಕೆರೆದ ನವಿಲು, ಎಣ್ಣೆಯ ಕಲೆ, ಒಂದು ಅರ್ಧ ಬಸ್ಸು, ಒಂದು ಪೂರಾ ಬಸ್ಸು. ಕೊಡಲು ನಾಚಿಕೆಯಾಯಿತು. ಕೊಟ್ಟಳು.

"ಇದು ಕೆಟ್ಟದ್ದವ್ವಾ. ಎಣ್ಣಿ ಬಡದೈತಿ. ಬ್ಯಾರೆ ಇಲ್ಲ."

ಚಂದವ್ವ ತಿರುಗಿಸಿ ಮುರುಗಿಸಿ ನೋಡಿದಳು. "ಅವರಿಗೆಲ್ಲಾ ಒಂದ ಬಸ್ಸು. ನನಗ ಒಂದೂವರಿ. ಮ್ಯಾಲೊಂದು ಕೋಳಿ."

"ಅದು ನವಿಲ್ರೀ."

"ಇರಲಿ ಬಿಡ್ರಿ, ಕೋಳಿನ ಚಲೋ." ಕಾರ್ಡನ್ನು ಜಯಶ್ರೀಯ ಮುಂದೆ ಹಿಡಿದಳು. "ಏನ್ ಬರದಾರ ಓದು."

ಜಯಶ್ರೀ ಓದಿದಳು. ಚಂದವ್ವ ಒಂದು ಗಳಿಗೆ ಸಿಮ್ರನಳನ್ನು ತಲೆಯಿಂದ ಕಾಲತನಕ ನೋಡಿದಳು, ಸಂತೆಯಲ್ಲಿ ಎಮ್ಮೆ ನೋಡುವವರ ಹಾಗೆ. ಆಮೇಲೆ ಚೀಲ ಕೆಳಗಿಟ್ಟು ಕೈ ಚಾಚಿದಳು. "ಆ ಕೂಸನ್ನ ತಾ ಇತ್ತ."

ಸಿಮ್ರನ ಕೊಟ್ಟಳು. ಕೂಸು ಹೊಸ ಮುಖ ನೋಡಿ ಅಳಲಿಲ್ಲ. ಅದಕ್ಕೆ ಕಾರ್ಡು ಬೇಕಾಗಿತ್ತು. ಮೂಲೆ ಹಿಡಿದು ಬಾಯಿಗೆ ಎಳೆಯಿತು.

ಚಂದವ್ವ ಆ ಪುಟ್ಟ ಮುಷ್ಟಿಯಿಂದ ಮೆಲ್ಲಗೆ ಬಿಡಿಸಿಕೊಂಡಳು. "ಬಿಡ, ಇದು ನಂದು."