ಬಲಗಿವಿಗೆ ಹೇಳಿದ ಸಿನಿಮಾ

ಕೆಟ್ಟ ಸಿನಿಮಾದಿಂದ ಒಂದು ಉಪಕಾರವಿದೆ, ಟಾಕೀಸಿನಲ್ಲಿ ಜನ ಇರುವುದಿಲ್ಲ. ದಾವಣಗೆರೆಯಲ್ಲಿ ಮ್ಯಾಟಿನಿಗೆ ನಾನೂ ನನ್ನ ಹೆಂಡತಿಯೂ ಹೋಗಿ ಕೂತರೆ ಹಿಂದೆ ಮುಂದೆ ಸಾಲು ಸಾಲು ಖಾಲಿ. ನಮಗೆ ಬೇಕಾದದ್ದೂ ಅದೇ. ಹರಿಹರದ ಕಾರ್ಖಾನೆಯೊಂದರಲ್ಲಿ ಯಂತ್ರಗಳ ನಡುವೆ ದುಡಿದವನು ನಾನು. ನಿವೃತ್ತಿಯ ಹೊತ್ತಿಗೆ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅಷ್ಟಿಷ್ಟು ಉಳಿದಿತ್ತು. ಟಾಕೀಸಿನಲ್ಲಿ ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಕಿವಿಯ ಮಷೀನು ಹಾಕಿಕೊಂಡರೆ ತಲೆ ಸಿಡಿಯುತ್ತದೆ. ಹಾಗಾಗಿ ಹೆಂಡತಿ ನನ್ನ ಬಲಕ್ಕೆ ಕೂತು, ಪರದೆಯ ಮೇಲಿನ ಮಾತನ್ನೆಲ್ಲ ಕಿವಿಗೆ ಬಾಯಿಟ್ಟು ಹೇಳುತ್ತಾಳೆ.

ಕಾರ್ಖಾನೆಯಲ್ಲಿ ನನ್ನ ಕೆಲಸ ಇನ್ಸ್‌ಪೆಕ್ಷನ್ನು. ಅಳತೆಯಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಕಂಡರೂ ಆ ಬಿಡಿಭಾಗಕ್ಕೆ ಕೆಂಪು ಬಣ್ಣ ಬಳಿದು ಆಚೆ ಇಡುತ್ತಿದ್ದೆ. ಸಿನಿಮಾಕ್ಕೂ ಅದೇ ಕಣ್ಣು. ಹಳ್ಳಿಯ ಬಡ ಹುಡುಗಿ ಇಸ್ತ್ರಿ ಮಾಡಿದ ಸೀರೆಯುಟ್ಟು ಸಗಣಿ ಬಾಚಿದರೆ ನನಗೆ ಮೈ ಉರಿಯುತ್ತದೆ. ಹೀರೋ ಒಂದು ಗುದ್ದು ಕೊಟ್ಟರೆ ಹತ್ತು ಜನ ಹಾರಿ ಬೀಳುತ್ತಾರೆ, ಅವನ ಅಂಗಿಯ ಒಂದು ಗುಂಡಿಯೂ ಕಿತ್ತುಹೋಗುವುದಿಲ್ಲ. ಕತೆ ಬರೆಯಲು ಸೋಮಾರಿತನ ಬಂದ ಕಡೆ ಹಾಡು ತುರುಕುತ್ತಾರೆ, ಹಾಡಿಗೂ ಸೋಮಾರಿತನ ಬಂದರೆ ಮಳೆ ಸುರಿಸುತ್ತಾರೆ. ಇದನ್ನೆಲ್ಲ ನಾನು ಅಲ್ಲೇ ಕೂತು ಜೋರಾಗಿ ಹೇಳುತ್ತೇನೆ. ಕಿವುಡನಿಗೆ ತನ್ನ ದನಿಯ ಅಂದಾಜಿಲ್ಲವೆಂದು ಹೆಂಡತಿ ಮೊಣಕೈಯಿಂದ ತಿವಿಯುತ್ತಾಳೆ. ಮನೆಗೆ ಬಂದ ಮೇಲೂ ಊಟದ ತಟ್ಟೆಯ ಮುಂದೆ ನನ್ನ ಬೈಗುಳ ನಡೆದೇ ಇರುತ್ತದೆ.

ಹೋದ ವರ್ಷ ನೋಡಿದ ಒಂದು ಸಿನಿಮಾ ಮಾತ್ರ ನನ್ನ ಬಾಯಿ ಮುಚ್ಚಿಸಿತು. ಜೈಲಿನಲ್ಲಿದ್ದ ಮಗ ಎಷ್ಟೋ ವರ್ಷಗಳ ಮೇಲೆ ಮನೆ ಬಾಗಿಲಿಗೆ ಬಂದು ನಿಲ್ಲುತ್ತಾನೆ. ತಾಯಿ ಹೊರಗೆ ಬರುತ್ತಾಳೆ. ಏನಂದಳು ಎಂದು ಕೇಳಿದೆ.

"'ಕೈಕಾಲು ತೊಳ್ಕೊಂಡು ಬಾ, ರೊಟ್ಟಿ ಆರ್ತಾವೆ' ಅಂದ್ಲು," ಎಂದಳು ಹೆಂಡತಿ.

ನನ್ನ ಕಣ್ಣಲ್ಲಿ ನೀರು ಬಂತು. ಅಷ್ಟು ವರ್ಷದ ಸಂಕಟವನ್ನು ಇಷ್ಟೇ ಮಾತಿನಲ್ಲಿ ಹೇಳಿದ್ದಾನಲ್ಲ, ಯಾರಪ್ಪ ಇದನ್ನು ಬರೆದವನು! ತಾಯಿಯ ಬಾಯಿ ಇನ್ನೂ ಆಡುತ್ತಲೇ ಇತ್ತು, ಕೈ ಆಕಾಶಕ್ಕೆ ಏರಿತ್ತು. ಇನ್ನೂ ಏನೋ ಅಂತಾಳಲ್ಲ ಎಂದೆ. "ಅಳ್ತಾಳ್ರಿ," ಎಂದಳು. ನಾನು ನಂಬಿದೆ.

ಆ ಸಿನಿಮಾವನ್ನು ಸಿಕ್ಕವರ ಮುಂದೆಲ್ಲ ಹೊಗಳಿದೆ. ನನ್ನ ಜೊತೆ ಕೆಲಸ ಮಾಡಿದ ಗೆಳೆಯನೊಬ್ಬ ಹರಿಹರದಲ್ಲಿದ್ದಾನೆ. ನಾನು ಚೆನ್ನಾಗಿದೆ ಎಂದರೆ ಮಾತ್ರ ಸಿನಿಮಾಕ್ಕೆ ಹೋಗುವವನು, ಹಾಗಾಗಿ ಬಹಳ ಕಾಲದಿಂದ ಯಾವುದಕ್ಕೂ ಹೋಗಿರಲಿಲ್ಲ. ಈ ಸಲ ಮನೆಗೆ ಬಂದಿದ್ದ ಬೀಗರನ್ನೂ ಕರೆದುಕೊಂಡು ಹೋದ. ಮಾರನೆಯ ದಿನವೇ ಬಸ್ಸು ಹಿಡಿದು ದಾವಣಗೆರೆಗೆ, ನಿಟ್ಟುವಳ್ಳಿಯ ನಮ್ಮ ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ಕೂಗತೊಡಗಿದ.

"ಬೀಗರ ಮುಂದೆ ನನ್ನ ಮಾನ ಕಳದ್ಯಲ್ಲೋ ಮಾರಾಯ! ಅದೂ ಒಂದು ಪಿಚ್ಚರೇನು?"

"ಆ ತಾಯಿ ರೊಟ್ಟಿ ಮಾತು ಆಡ್ತಾಳಲ್ಲ, ಅದೊಂದೇ ಸಾಕಲ್ಲೋ," ಎಂದೆ.

"ಯಾವ ರೊಟ್ಟಿ? 'ನಾನು ಹೆತ್ತಿದ್ದು ಮಗನನ್ನಲ್ಲ, ಜ್ವಾಲಾಮುಖಿಯನ್ನ' ಅಂತ ಅರ್ಧ ತಾಸು ಒದರಿದ್ಲು! ಬೀಗರು ಎದ್ದು ಹೊರಗೆ ಹೋದ್ರು."

ನಾನು ಹೆಂಡತಿಯ ಕಡೆ ನೋಡಿದೆ. ಅವಳು ಚಹಾದ ನೆಪ ಮಾಡಿ ಒಳಗೆ ಹೋದಳು.

ಗೆಳೆಯ ಹೊರಟ ಮೇಲೆ ಕೇಳಿದೆ. ಅವಳು ಮುಚ್ಚಿಡಲಿಲ್ಲ. "ಬೈಕೊಂತ ಬೈಕೊಂತ ಅನ್ನ ಬಿಡ್ತೀರಿ. ಒಂದಿನನಾದ್ರೂ ನಕ್ಕೊಂತ ಮನಿಗೆ ಬರ್ಲಿ ಅಂತ ನಾನೇ ಮಾತು ಕಟ್ಟಿದೆ. ಏನೀಗ?"

ಅಂಥ ಮಾತು ನನ್ನ ಹೆಂಡತಿಯದು ಎಂದು ಹೆಮ್ಮೆಪಡಬೇಕಿತ್ತು. ನನಗೆ ಬಂದದ್ದು ಸಿಟ್ಟು. ಕಿವಿ ಹೋದಂದಿನಿಂದ ಎಲ್ಲರೂ ನನಗೆ ಹೀಗೇ ಮಾಡುತ್ತಾರೆ. ನನ್ನ ಕಣ್ಣೆದುರೇ ಮನೆಯಲ್ಲಿ ದೊಡ್ಡ ಜಗಳ ನಡೆದಿರುತ್ತದೆ, ಏನೆಂದು ಕೇಳಿದರೆ ಏನಿಲ್ಲ ಬಿಡ್ರಿ ಅನ್ನುತ್ತಾರೆ. ಯಾವ ಸುದ್ದಿಯೂ ನನಗೆ ಸೋಸದೆ, ಸಕ್ಕರೆ ಹಾಕದೆ ಬರುವುದಿಲ್ಲ. ಸಿನಿಮಾವಾದರೂ ಇದ್ದ ಹಾಗೇ ಸಿಗುತ್ತಿದೆ ಎಂದುಕೊಂಡಿದ್ದೆ.

"ಕೆಟ್ಟದ್ದಿದ್ರೆ ಕೆಟ್ಟದ್ದೇ ಹೇಳು. ಬೈಯೋದು ಬಿಡೋದು ನನಗಿರ್ಲಿ," ಎಂದೆ. ದನಿ ಎಷ್ಟು ಜೋರಿತ್ತೋ ಗೊತ್ತಿಲ್ಲ.

ಅವಳು ಎದ್ದು ಬಂದು ನನ್ನ ಬಲಕ್ಕೆ ಕೂತಳು.

"ಹಂಗಾರೆ ಇನ್ನೊಂದೈತೆ. ಹೋದ ತಿಂಗಳು ಪಿ.ಜೆ. ಬಡಾವಣೆ ಡಾಕ್ಟ್ರು, ಈ ಕಿವಿ ಹಿಂಗೇ ಇರ್ತೈತೆ ಅಂದ್ರು ಅಂತ ಹೇಳಿದ್ನಲ್ಲ, ಅವರು ಹಂಗ ಅಂದಿಲ್ಲ. ಇದೂ ನಿಧಾನಕ್ಕೆ ಹೋಗ್ತೈತಂತೆ. ಔಷಧ ಇಲ್ಲಂತೆ."

ನನಗೆ ಹೆದರಿಕೆಯಾಯಿತು. ಡಾಕ್ಟರ ಎದುರಿಗೇ ಕೂತಿದ್ದೆ, ಅವರು ತುಟಿ ಆಡಿಸಿದ್ದನ್ನು ನೋಡಿದ್ದೆ, ಬರುವಾಗ ಕೈಮುಗಿದು ನಕ್ಕೂ ಬಂದಿದ್ದೆ. ಇನ್ನೆಷ್ಟು ದಿನವಂತೆ ಎಂದು ಕೇಳಿದೆ.

"ಅದು ಅವರಿಗೂ ಗೊತ್ತಿಲ್ಲಂತೆ. ಇದು ನಾ ಕಟ್ಟಿದ್ದಲ್ರಿ," ಎಂದಳು.

ಆ ಭಾನುವಾರ ಮತ್ತೆ ಮ್ಯಾಟಿನಿಗೆ ಹೋದೆವು. ಸಿನಿಮಾ ಹೊಲಸಾಗಿತ್ತು. ವಿಲನ್ನಿನ ಸವಾಲು, ಹೀರೋನ ಉಪದೇಶ, ಕಾಮಿಡಿಯವನ ಹೇಸಿಗೆ ಮಾತು, ಯಾವುದನ್ನೂ ಬಿಡದೆ ಹೇಳಿದಳು. ನಾಚಿಕೆಯಾದ ಕಡೆ ಮುಖ ಆಚೆ ತಿರುಗಿಸಿ, ಮತ್ತೆ ಈಚೆ ತಿರುಗಿ ಹೇಳಿದಳು. ಇಂಟರ್ವೆಲ್ ಬಂದಾಗ, "ಸಾಕಾತ್ರಿ, ಎದ್ದು ಹೋಗಾಣ ನಡೀರಿ," ಎಂದಳು.

ಅಂಥ ಸಿನಿಮಾಗಳನ್ನು ಅರ್ಧಕ್ಕೇ ಬಿಟ್ಟು ಬೈಯುತ್ತ ಎದ್ದು ಬರುತ್ತಿದ್ದವನು ನಾನೇ. ಅಂದು ಅವಳ ಕೈ ಹಿಡಿದು ಕೂರಿಸಿದೆ.

"ಪೂರ್ತಿ ಹೇಳು," ಎಂದೆ.